ಎರಡು ಬಿಂದಿಗೆ ನೀರು, ಒಂದು ಡಬ್ಬಿ

೬ ಏಪ್ರಿಲ್ ೨೦೦೯, ಸೋಮವಾರ

ನಿನ್ನೆ ಮುನಿರಾಮಯ್ಯನ ಛತ್ರದಲ್ಲಿ ನಮ್ಮ ಮರ್ಯಾದೆ ಹೋಯಿತು. ಯಾರ ಹತ್ತಿರ ಹೇಳಿಕೊಂಡರೂ ನಗುತ್ತಾರೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಈ ಡೈರಿಯನ್ನು ಎಲೆಕ್ಟ್ರಿಕಲ್ ಅಂಗಡಿಯವರು ಹೊಸ ವರ್ಷಕ್ಕೆ ಮಗ ಮುತ್ತುರಾಜನಿಗೆ ಕೊಟ್ಟಿದ್ದರು. ಅವನು ಒಂದಕ್ಷರ ಬರೆಯಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದರೆ ತಪ್ಪಲಿ, ಓದುವವಳೂ ನಾನೇ.

ನಮ್ಮದು ಮೈಕ್ ಸೆಟ್ಟಿನ ಮನೆ. ಈ ಹೇರೋಹಳ್ಳಿಯಲ್ಲಿ ಬರೀ ರಾಗಿ ಹೊಲ ಇದ್ದಾಗಲೇ ನಮ್ಮ ಯಜಮಾನರು ಎರಡು ಹಾರ್ನು, ಒಂದು ಆಂಪ್ಲಿಫೈಯರ್ ತಂದು ಶುರು ಮಾಡಿದರು. ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಹನುಮಯ್ಯ. ಬೋರ್ಡಿನ ಮೇಲೆ ಈಗಲೂ ಹನುಮಯ್ಯ ಸೌಂಡ್ಸ್ ಎಂದೇ ಇದೆ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಇದ್ದಷ್ಟು ಕಾಲ ನನಗೆ ಆಂಪ್ಲಿಫೈಯರ್ ಮುಟ್ಟಗೊಡಲಿಲ್ಲ. ಹೆಂಗಸರು ಮುಟ್ಟಿದರೆ ವಾಲ್ವು ಸುಟ್ಟುಹೋಗುತ್ತದಂತೆ. ಸುಟ್ಟದ್ದೆಲ್ಲ ಅವರ ಕೈಯಲ್ಲೇ.

ಈಗ ಮುತ್ತುರಾಜನಿಗೆ ಬೆನ್ನು ಹಿಡಿದುಕೊಂಡಿದೆ, ಸ್ಪೀಕರ್ ಬಾಕ್ಸ್ ಎತ್ತಲಾರ. ಹೋದ ವರ್ಷದಿಂದ ಅವನ ಮಗಳು ಸುವರ್ಣಾ ಸೆಟ್ಟಿಗೆ ಕೂರುತ್ತಿದ್ದಾಳೆ. ಬಿ.ಕಾಂ. ಮುಗಿಸಿದ ಹುಡುಗಿ ಮದುವೆ ಮನೆಯ ಮೂಲೆಯಲ್ಲಿ ವೈರು ಸುತ್ತಿಕೊಂಡು ಕೂರುವುದು ನನಗಂತೂ ಸರಿ ಕಾಣುವುದಿಲ್ಲ. ನನ್ನನ್ನು ಯಾರು ಕೇಳುತ್ತಾರೆ? ಉಗಾದಿಗೆ ಒಂದು ಲ್ಯಾಪ್‌ಟಾಪ್ ತಂದಳು, ಯಾರೋ ಬಳಸಿ ಬಿಟ್ಟದ್ದು. ಹಲ್ಲುಸೆಟ್ಟಿನ ಹಾಗೆ ಬಾಯಿ ತೆರೆದು ಮುಚ್ಚುವ ಹಲಗೆ. ಇನ್ನು ಸಿಡಿ ಹೊರುವ ಕೆಲಸವಿಲ್ಲ, ಸಾವಿರ ಹಾಡು ಇದರೊಳಗೇ ಇವೆ ಎಂದಳು. ಸಾವಿರ ಹಾಡು ನುಂಗಿಕೊಂಡು ನಿನ್ನೆ ಅದು ಹಾಡಿದ್ದು ಒಂದೇ ಹಾಡು: ಗುಂಯ್. ಹರವಿಯೊಳಗೆ ಜೇನುಹುಳು ಕೂಡಿಹಾಕಿದ ಹಾಗೆ, ಧಾರೆ ಮುಗಿಯುವವರೆಗೂ ಗುಂಯ್. ಪುರೋಹಿತರು ಎರಡು ಸಲ ಮಂತ್ರ ನಿಲ್ಲಿಸಿ ನಮ್ಮ ಕಡೆ ನೋಡಿದರು.

ಮುನಿರಾಮಯ್ಯ ಛತ್ರದ ವರ್ಷದ ಕಾರ್ಯಗಳನ್ನೆಲ್ಲ ಒಂದೇ ಸೆಟ್ಟಿಗೆ ಕೊಡುವವನು. ನಮ್ಮ ಮನೆಯ ಒಲೆ ಉರಿಯುವುದೇ ಅದರಿಂದ. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ನರಸಕ್ಕ, ನಿಮ್ಮ ಯಜಮಾನ್ರ ಮುಖ ನೋಡ್ಕಂಡು ಇನ್ನೆರಡು ಕಾರ್ಯ ಕೊಡ್ತೀನಿ. ಆಮೇಲೂ ಹಿಂಗೇ ಅಂದ್ರೆ ನಂದಿನಿ ಲೇಔಟ್‌ನವರ ಸೆಟ್ ತರಿಸ್ತೀನಿ. ಬೇಜಾರು ಮಾಡ್ಕಬೇಡಿ."

ಮನೆಗೆ ಬಂದು ಹೇಳಿದ್ದಕ್ಕೆ ಮುತ್ತುರಾಜ ಚಾಪೆಯ ಮೇಲಿಂದ ಏಳಲೂ ಇಲ್ಲ. "ಆ ಛತ್ರ ಕೈಬಿಟ್ರೆ ಸೆಟ್ ಮಾರಿಬಿಡ್ತೀನವ್ವ. ಇವಳು ಅವಳಮ್ಮನ ಜೊತೆ ಗಾರ್ಮೆಂಟ್ಸಿಗೆ ಹೋಗ್ಲಿ" ಎಂದ. ವೈರು ಸುತ್ತುತ್ತಿದ್ದ ಸುವರ್ಣಾಳ ಕೈ ಅಲ್ಲೇ ನಿಂತಿತು. ಆಮೇಲೆ ಮತ್ತೆ ಸುತ್ತಿದಳು.

ನನಗೇನು? ನನ್ನ ಸೆಟ್ಟಲ್ಲ, ನನ್ನ ಲ್ಯಾಪ್‌ಟಾಪಲ್ಲ.

೮ ಏಪ್ರಿಲ್, ಬುಧವಾರ

ಸುವರ್ಣಾಳ ಜೊತೆ ವಿಜಯನಗರಕ್ಕೆ ಹೋಗಿದ್ದೆ. ಕನ್ನಡಕದ ಕಾಲು ಮುರಿದಿತ್ತು, ಅದಕ್ಕೆ. ಅವಳಿಗೆ ಜೊತೆಯಾಗಲೆಂದೇನೂ ಅಲ್ಲ.

ಲ್ಯಾಪ್‌ಟಾಪ್ ಮಾರಿದವನ ಹೆಸರು ಪದ್ಮನಾಭ. ಅಂಗಡಿ ನಮ್ಮ ದೇವರಮನೆಯಷ್ಟಿದೆ, ಮಾತು ವಿಧಾನಸೌಧದಷ್ಟು. ನನಗೊಂದು ಸ್ಟೂಲು ಕೊಟ್ಟು ಉಪದೇಶ ಶುರು ಮಾಡಿದ.

"ಲ್ಯಾಪ್‌ಟಾಪ್ ಒಳಗಿನ ಸೌಂಡ್ ಅಷ್ಟಕ್ಕಷ್ಟೇ ಅಜ್ಜಿ. ಒಳ್ಳೇ ಆಡಿಯೋ ಬೇಕು ಅಂದ್ರೆ ಹೊರಗಡೆ ಒಂದು ಸೌಂಡ್ ಕಾರ್ಡ್ ಹಾಕ್ಲೇಬೇಕು."

"ಯಾಕಪ್ಪ, ಹುಟ್ಟಿಸಿದೋನು ಗಂಟಲು ಕೊಡೋದು ಮರ್ತುಬಿಟ್ನಾ?"

ನಕ್ಕ. ಫ್ಯಾನು, ಡಿಸ್ಕು, ಪರದೆ ಎಲ್ಲ ಒಳಗೆ ಒತ್ತೊತ್ತಾಗಿ ಕೂತಿರುತ್ತವಂತೆ. ಅವುಗಳ ಸದ್ದು ಹಾಡಿನ ತಂತಿಗೂ ಅಂಟುತ್ತದಂತೆ. ಆದ್ದರಿಂದ ಹಾಡನ್ನು ಮಾತ್ರ ಬೇರೆ ಡಬ್ಬಿಯಲ್ಲಿ ಹೊರಗೆ ತೆಗೆಯಬೇಕಂತೆ. ಮನೆ ಕಟ್ಟಿದವನು ಬಚ್ಚಲು ಮರೆತು, ಪಕ್ಕದ ಸೈಟಿನಲ್ಲಿ ಕಟ್ಟಿಸಿಕೊಳ್ಳಿ ಎಂದ ಹಾಗಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನ ಮುಖದ ಮೇಲೇ ಹೇಳಿದೆ. ಅದಕ್ಕೂ ನಕ್ಕ. ಮಾರುವವರಿಗೆ ಮಾನವಿಲ್ಲ.

ಸುವರ್ಣಾ ಡಬ್ಬಿ ತರಿಸಿಕೊಡಲು ಅವನಿಗೆ ಹೇಳಿ ಬಂದಿದ್ದಾಳೆ.

ಮನೆಗೆ ಬಂದು ಬೇಳೆ ಇಟ್ಟೆ. ಸೊಸೆ ಸೀತಾ ಹೊಸ ಕುಕ್ಕರ್ ತಂದಿದ್ದಾಳೆ, ಅದಕ್ಕೆ ಸೀಟಿ ಹೊಡೆಯಲು ನಾಚಿಕೆ. ತಳ ಹಿಡಿದು ಕರಕಾದ ಮೇಲೆ ಪಕ್ಕದ ಮನೆ ಪಾರವ್ವ ಓಡಿಬಂದು ಸ್ಟೌ ಆರಿಸಿದಳು. ಗದಗದ ಕಡೆಯವಳು, ಬಂದು ಆರು ತಿಂಗಳಾಗಿಲ್ಲ. "ಎಷ್ಟ್ ಸೀಟಿ ಹೊಡೀತ್ರೀ ಅಜ್ಜಿ, ನಿಮಗ ಕೇಳ್ಸಲಿಲ್ಲೇನು?" ಎಂದಳು. ಅವಳಿಗೆ ಊರವರ ಮನೆಯದೆಲ್ಲ ಕೇಳುತ್ತದೆ.

೧೨ ಏಪ್ರಿಲ್, ಭಾನುವಾರ

ಡಬ್ಬಿ ಬಂತು. ಬೆಂಕಿಪೊಟ್ಟಣದಷ್ಟಿದೆ, ಹಿಂದೊಂದು ಬಾಲ. ಇದಕ್ಕೆ ಇಷ್ಟು ದಿನ ಕಾಯಬೇಕಾಯಿತು. ಸುವರ್ಣಾ ಲ್ಯಾಪ್‌ಟಾಪಿಗೆ ಚುಚ್ಚಿ, ಅದರಿಂದ ಆಂಪ್ಲಿಫೈಯರಿಗೆ ವೈರು ಕೊಟ್ಟು ನಡುಮನೆಯಲ್ಲಿ ಹಾಡು ಹಾಕಿದಳು. ಗುಂಯ್ ಇರಲಿಲ್ಲ. ಅಪ್ಪ ಮಗಳಿಬ್ಬರ ಮುಖವೂ ಅರಳಿತು. ಡಬ್ಬಿ ಇಲ್ಲದೆ ಹಾಕಿ ನೋಡು ಎಂದೆ. ಆಗಲೂ ಮನೆಯಲ್ಲಿ ಗುಂಯ್ ಇರಲಿಲ್ಲ. ಅದು ಅವರ ಗಮನಕ್ಕೆ ಬಿತ್ತೋ ಇಲ್ಲವೋ. ನಾನು ಎತ್ತಿ ಆಡಲಿಲ್ಲ.

ಈ ವರ್ಷ ಸೊಳ್ಳೆಗಳೂ ಕಳ್ಳಬುದ್ಧಿ ಕಲಿತಿವೆ. ಮೊದಲು ಕಿವಿಯ ಹತ್ತಿರ ಹಾಡಿ, ಹೇಳಿ ಕೇಳಿ ಕಚ್ಚುತ್ತಿದ್ದವು. ಈಗ ಸದ್ದಿಲ್ಲದೆ ಬಂದು ಕಚ್ಚಿ ಹೋಗುತ್ತವೆ. ಮೋರಿ ನೀರು ಕುಡಿದು ಬೆಳೆದವು, ಇನ್ನೇನಾಗುತ್ತವೆ.

೧೯ ಏಪ್ರಿಲ್, ಭಾನುವಾರ

ಇವತ್ತು ಛತ್ರದಲ್ಲಿ ನಾಮಕರಣ. ಅವನು ಕೊಟ್ಟ ಎರಡು ಕಾರ್ಯಗಳಲ್ಲಿ ಮೊದಲನೆಯದು. ಡಬ್ಬಿ ಹಾಕಿದಳು. ಗುಂಯ್.

ಡಬ್ಬಿ ತೆಗೆದಳು. ಗುಂಯ್.

ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಳು. ಗುಂಯ್ ಅಡಗಿತು. ಆದರೆ ಹಳೇ ಬ್ಯಾಟರಿ, ಕಾಲುಗಂಟೆಗೆ ಲ್ಯಾಪ್‌ಟಾಪ್ ಕಣ್ಣು ಮುಚ್ಚಿಕೊಂಡಿತು. ಮತ್ತೆ ಚಾರ್ಜರ್, ಮತ್ತೆ ಗುಂಯ್. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಕಿರುಚಿತು, ನೆಂಟರು ನಕ್ಕರು. ಮುನಿರಾಮಯ್ಯ ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. ಮೇ ಮೂರಕ್ಕೆ ತನ್ನ ತಂಗಿ ಮಗಳ ಮದುವೆ ಇದೆ, ಕೊಟ್ಟ ಮಾತಿಗೆ ಅದನ್ನೂ ನಿಮಗೇ ಬಿಡುತ್ತೇನೆ, ಅದೇ ಕೊನೆ ಎಂದ.

ಪದ್ಮನಾಭನಿಗೆ ಸುವರ್ಣಾ ಫೋನು ಮಾಡಿದಳು. ಇನ್ನೂ ದೊಡ್ಡ ಡಬ್ಬಿ ಇದೆಯಂತೆ. ಇರುತ್ತದೆ. ಅದಕ್ಕಿಂತ ದೊಡ್ಡದೂ ಇರುತ್ತದೆ. ಕೊನೆಗೆ ಡಬ್ಬಿಯೊಳಗೇ ಮದುವೆ ಮಾಡಬಹುದು.

೨೧ ಏಪ್ರಿಲ್, ಮಂಗಳವಾರ

ಛತ್ರದಲ್ಲಿ ಲ್ಯಾಪ್‌ಟಾಪ್ ಮುಟ್ಟಿದಾಗಲೆಲ್ಲ ಮುಂಗೈಗೆ ಜುಮ್ ಎನ್ನುತ್ತಿತ್ತೆಂದು ಸುವರ್ಣಾ ಅವಳಮ್ಮನ ಹತ್ತಿರ ಹೇಳುತ್ತಿದ್ದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ಕೈ ನಿಂತಿತು.

ಆ ಜುಮ್ ನನಗೆ ಗೊತ್ತು. ಯಜಮಾನರ ಆಂಪ್ಲಿಫೈಯರ್ ಬೇಸಗೆಯಲ್ಲಿ ಹಾಗೇ ಮಾಡುತ್ತಿತ್ತು. ಅರ್ತ್ ಗುಂಡಿ ಒಣಗಿದರೆ ಹಾಗೇ ಆಗುವುದು. ಭೂಮಿಯಲ್ಲಿ ಆಳಕ್ಕೆ ಗುಂಡಿ ತೋಡಿ ನಡುವೆ ಪೈಪು ನಿಲ್ಲಿಸಿ ಸುತ್ತ ಉಪ್ಪು, ಇದ್ದಲು ತುಂಬಿರುತ್ತಾರೆ. ದಾರಿ ತಪ್ಪಿದ ಕರೆಂಟು ಅದರೊಳಗೆ ಇಳಿದು ನೆಲ ಸೇರಬೇಕು. ಗುಂಡಿ ಒಣಗಿದರೆ ಅದಕ್ಕೆ ದಾರಿಯಿಲ್ಲ. ಪೆಟ್ಟಿಗೆಯ ಮೈಮೇಲೇ ಅಲೆಯುತ್ತದೆ, ಮುಟ್ಟಿದವರಿಗೆ ಜುಮ್ ಎನ್ನುತ್ತದೆ, ಹಾರ್ನಿನಲ್ಲಿ ಗುಂಯ್ ಎನ್ನುತ್ತದೆ. ಪ್ರತಿ ಕಾರ್ಯಕ್ಕೆ ಮೊದಲು ಆ ಗುಂಡಿಗೆ ಎರಡು ಬಿಂದಿಗೆ ಉಪ್ಪುನೀರು ಹೊಯ್ಯುವುದು ನನ್ನ ಕೆಲಸವಾಗಿತ್ತು. ಅಷ್ಟಕ್ಕೆ ಹೆಂಗಸರ ಕೈ ಆಗುತ್ತಿತ್ತು.

ಹೇಳಬಹುದಿತ್ತು. ಹೇಳಲಿಲ್ಲ. ಕೇಳಿದರೆ ಹೇಳುತ್ತೇನೆ. ಈ ಮನೆಯಲ್ಲಿ ಎಲ್ಲರೂ ಕೇಳುವುದು ಪದ್ಮನಾಭನನ್ನು.

೨೩ ಏಪ್ರಿಲ್, ಗುರುವಾರ

ಓಟು ಹಾಕಿ ಬಂದೆ. ಹದಿನೈದು ದಿನದಿಂದ ಆಟೋಗಳಿಗೆ ಹಾರ್ನು ಕಟ್ಟಿ ಅರಚಿದರು, ಒಂದರಲ್ಲೂ ಮಾತು ತಿಳಿಯಲಿಲ್ಲ. ಈಗಿನವರಿಗೆ ಹಾರ್ನು ಕಟ್ಟಲೂ ಬರುವುದಿಲ್ಲ, ಮಾತಾಡಲೂ ಬರುವುದಿಲ್ಲ.

ಪಾರವ್ವನ ಮೊಮ್ಮಗಳು ಹೊಸ ಕಾಲ್ಗೆಜ್ಜೆ ಹಾಕಿಕೊಂಡು ನಮ್ಮ ಮುಂದೆ ಕುಣಿದಳು. ಬೆಳ್ಳಿಯಂತೆ. ಒಂದು ಕಾಳಿನಷ್ಟೂ ಸದ್ದಿಲ್ಲ. ಅಂಗಡಿಯವನು ಸೀಸ ಕೊಟ್ಟಿದ್ದಾನೆ, ಹೋಗಿ ಬದಲಾಯಿಸು ಎಂದೆ. ಪಾರವ್ವ ನನ್ನನ್ನೇ ನೋಡಿದಳು. ನಿಜ ಹೇಳಿದರೆ ಜನಕ್ಕೆ ಹಾಗೇ.

೨೪ ಏಪ್ರಿಲ್, ಶುಕ್ರವಾರ

ಇವತ್ತು ಬರೆಯುವುದು ತುಂಬಾ ಇದೆ.

ಬೆಳಿಗ್ಗೆ ಸುವರ್ಣಾ ನನ್ನ ಪಕ್ಕ ಬಂದು ಕೂತಳು. ಎಲೆಗೆ ಸುಣ್ಣ ಹಚ್ಚಿ ನನ್ನ ಕೈಗೆ ಕೊಟ್ಟಳು. ಕೊಟ್ಟವಳು ಏಳಲಿಲ್ಲ.

"ಅಜ್ಜಿ, ತಾತ ಇದ್ದಾಗ ಗುಂಯ್ ಅಂದ್ರೆ ಏನ್ ಮಾಡ್ತಿದ್ರು?"

ಈ ಮನೆಗೆ ಹಾರ್ನು ಬಂದು ನಲವತ್ತು ವರ್ಷ. ಸದ್ದಿನ ವಿಷಯ ಯಾರೂ ನನ್ನನ್ನು ಕೇಳಿರಲಿಲ್ಲ. ಎಲೆ ಬಾಯಲ್ಲಿತ್ತು, ಅಗಿದು ಮುಗಿಸುವವರೆಗೆ ಕಾಯಿಸಿದೆ. ಆಮೇಲೆ ಹೇಳಿದೆ, "ತಾತ ಏನೂ ಮಾಡ್ತಿರ್ಲಿಲ್ಲ. ನಾನ್ ಮಾಡ್ತಿದ್ದೆ. ಎದ್ದೇಳು, ಉಪ್ಪು ತಗೋ."

ಮಾಗಡಿ ರೋಡಿನ ತನಕ ನಡೆದೇ ಹೋದೆವು. ರಸ್ತೆ ಎಂದು ಕರೆಯುವ ಹಳ್ಳ ದಿಣ್ಣೆಗಳಲ್ಲಿ ಆಟೋದವನು ಬರಲೊಲ್ಲೆ ಎಂದ. ಛತ್ರದಲ್ಲಿ ಅರ್ತ್ ಗುಂಡಿ ಎಲ್ಲಿ ಎಂದರೆ ಮುನಿರಾಮಯ್ಯನಿಗೇ ನೆನಪಿಲ್ಲ. ನನಗಿತ್ತು. ಅಡುಗೆಮನೆಯ ಹಿಂದೆ, ನುಗ್ಗೆ ಮರದ ಬುಡಕ್ಕೆ. ನುಗ್ಗೆ ಮರ ಈಗಿಲ್ಲ. ಮಹಾರಾಯ ಅಲ್ಲೆಲ್ಲ ಟೈಲ್ಸ್ ಹಾಸಿ ಮೇಲೆ ಸೌದೆ ಒಟ್ಟಿಸಿದ್ದಾನೆ. ಸೌದೆ ತೆಗೆಸಿ ಎರಡು ಟೈಲ್ಸ್ ಎಬ್ಬಿಸಿದರೆ ಕೆಳಗೆ ಪೈಪಿನ ಬಾಯಿ. ಮಣ್ಣು ಕಾದ ಹೆಂಚಿನ ಹಾಗಿತ್ತು. ಟೈಲ್ಸ್ ಹಾಸಿದ ಮೇಲೆ ಮೂರು ವರ್ಷದಿಂದ ಒಂದು ಹನಿ ಮಳೆನೀರೂ ಇಳಿದಿಲ್ಲ.

ಸುವರ್ಣಾ ಬಿಂದಿಗೆ ಎತ್ತಿಕೊಟ್ಟಳು, ನಾನು ಹೊಯ್ದೆ. ಮೊದಲನೆಯದನ್ನು ಭೂಮಿ ಗಟಗಟನೆ ಕುಡಿಯಿತು. ಎರಡನೆಯದು ಗುಂಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನಿಧಾನವಾಗಿ ಇಳಿಯಿತು. ಅರ್ಧ ಗಂಟೆ ಬಿಟ್ಟು, ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕು ಎಂದೆ. ಚಾರ್ಜರ್ ಸಮೇತ ಹಾಕಿದಳು. ಡಬ್ಬಿಯನ್ನು ಹೊರಗೇ ಇಡಿಸಿದೆ.

ಗುಂಯ್ ಸತ್ತಿತು. ಖಾಲಿ ಛತ್ರದಲ್ಲಿ ಶಹನಾಯಿ ಮಾತ್ರ.

ಲ್ಯಾಪ್‌ಟಾಪ್ ಮುಟ್ಟಿ ನೋಡೇ ಎಂದೆ. ಅಂಗೈ ಪೂರ್ತಿ ಇಟ್ಟು, ಜುಮ್ ಅನ್ನುತ್ತಿಲ್ಲ ಅಜ್ಜಿ ಎಂದಳು.

ಮುನಿರಾಮಯ್ಯ ತಲೆ ಕೆರೆದುಕೊಂಡ. "ಇದು ನಂಗೆ ಹೊಳೀಲೇ ಇಲ್ವಲ್ಲ ನರಸಕ್ಕ."

"ಗುಂಡಿ ಮೇಲೆ ಟೈಲ್ಸ್ ಹಾಕ್ಸೋದು ಹೊಳೀತಲ್ಲ ಮುನಿರಾಮಣ್ಣ, ಸಾಕು ಬಿಡಿ."

ಬರುವಾಗ ದಾರಿಯುದ್ದಕ್ಕೂ ಸುವರ್ಣಾ ಅರ್ತಿನ ಬಗ್ಗೆ ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ. ಕಾಲು ನೋಯುತ್ತಿರುವುದು ಮನೆಗೆ ಬಂದ ಮೇಲೆ ತಿಳಿಯಿತು. ಡಬ್ಬಿಯನ್ನು ನಾಳೆಯೇ ಪದ್ಮನಾಭನ ಮುಖಕ್ಕೆ ಎಸೆದು ಬಾ ಎಂದಿದ್ದೇನೆ.

೨೬ ಏಪ್ರಿಲ್, ಭಾನುವಾರ

ಡಬ್ಬಿ ವಾಪಸು ಕೊಡುವುದಿಲ್ಲವಂತೆ.

ಗುಂಯ್ ಹೋದ ಮೇಲೆ ಅದರ ಅಡಿಯಲ್ಲಿ ಅಡಗಿದ್ದ ಇನ್ನೊಂದು ಸದ್ದು ಕೇಳುತ್ತಿದೆಯಂತೆ. ಲ್ಯಾಪ್‌ಟಾಪಿನ ಮೌಸು ಸರಿಸಿದಾಗಲೆಲ್ಲ ಸಣ್ಣಗೆ, ಚೂಪಾಗಿ, ಇಲಿ ಹಲ್ಲು ಮಸೆದ ಹಾಗೆ ಚಿರ್ ಚಿರ್. ಡಬ್ಬಿ ಹಾಕಿದರೆ ಇರುವುದಿಲ್ಲವಂತೆ. ನಡುಮನೆಯಲ್ಲಿ ಬಾಕ್ಸ್ ಇಟ್ಟು ತೋರಿಸಿದಳು. ಬಾಕ್ಸಿಗೆ ಕಿವಿ ಅಂಟಿಸಿ ಕೂತೆ. ಎಲ್ಲಿದೆ? ಏನೂ ಇಲ್ಲ.

ಮುತ್ತುರಾಜನೂ ಅವಳ ಕಡೆಯೇ. ಅವನು ಆಟದ ಹಾಗೆ ಒಂದು ಪರೀಕ್ಷೆ ಹೂಡಿದ. ಸುವರ್ಣಾ ಮೌಸು ಸರಿಸುತ್ತಾಳೆ, ನಾನೂ ಅವನೂ ಕಣ್ಣು ಮುಚ್ಚಬೇಕು, ಸದ್ದು ಕೇಳಿದಾಗ ಕೈ ಎತ್ತಬೇಕು. ಅವನು ಏಳು ಸಲ ಎತ್ತಿದನಂತೆ, ಏಳು ಸಲವೂ ಸರಿಯಂತೆ. ನಾನು ಎತ್ತಲಿಲ್ಲ. ಇಲ್ಲದ ಸದ್ದಿಗೆ ಯಾಕೆ ಎತ್ತಲಿ?

ಸುವರ್ಣಾ ಮೆತ್ತಗೆ ಹೇಳಿದಳು. "ಇದೆ ಅಜ್ಜಿ. ನಿಂಗೆ ಕೇಳ್ಸಲ್ಲ, ಅಷ್ಟೇ."

"ಗುಂಯ್ ಅನ್ನೋದನ್ನ ಹಿಡಿದಿದ್ದು ಯಾರ ಕಿವಿ ಕಣೇ? ನಿಂದಾ, ಆ ಪದ್ಮನಾಭಂದಾ?" ಎಂದೆ. ಊಟಕ್ಕೆ ನಾನು ಏಳಲಿಲ್ಲ. ಹಸಿವೂ ಇರಲಿಲ್ಲ.

ಎರಡು ದಿನದ ಹಿಂದೆ ಅರ್ತ್ ಎಂದರೆ ಏನೆಂದು ಗೊತ್ತಿಲ್ಲದ ಹುಡುಗಿ, ಇವತ್ತು ನನ್ನ ಕಿವಿಗೆ ಪರೀಕ್ಷೆ ಇಡುತ್ತಾಳೆ. ಪದ್ಮನಾಭನಿಗೆ ಹೆಸರು ಬರಬೇಕು, ಅಷ್ಟೇ ಇವರಿಗೆ.

೨೯ ಏಪ್ರಿಲ್, ಬುಧವಾರ

ಸುವರ್ಣಾ ಸ್ನಾನಕ್ಕೆ ಹೋದಾಗ ಡಬ್ಬಿಯನ್ನು ತೆಗೆದು ನನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ. ಕದ್ದದ್ದಲ್ಲ. ನನ್ನ ಮನೆ, ನನ್ನ ಚೀಲ. ಭಾನುವಾರದ ಮದುವೆ ಡಬ್ಬಿಯಿಲ್ಲದೆ ಚೆನ್ನಾಗಿ ನಡೆದುಹೋಗಲಿ, ಆಮೇಲೆ ತೋರಿಸುತ್ತೇನೆ. ಲ್ಯಾಪ್‌ಟಾಪಿಗೆ ಹೊರಗಿನ ಗಂಟಲು ಬೇಕೋ, ನೆಲದ ನೀರು ಬೇಕೋ, ಮುನಿರಾಮಯ್ಯನೇ ಹೇಳಲಿ.

ಸಂಜೆ ಪಕ್ಕದ ಖಾಲಿ ಸೈಟಿನ ಕಡೆ ನೋಡುತ್ತಾ ಕೂತಿದ್ದೆ. ಮೊದಲು ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಜೀರುಂಡೆಗಳು ಕೂಗಿ ಮಾತಾಡಗೊಡುತ್ತಿರಲಿಲ್ಲ. ಎರಡು ವರ್ಷವಾಯಿತು, ಒಂದೂ ಇಲ್ಲ. ಸೈಟು ಮಾಡುವವರು ಮಣ್ಣು ಮಗುಚಿ ಅವುಗಳ ವಂಶವನ್ನೇ ತೆಗೆದರು. ಅವರ ಮನೆ ಹಾಳಾಗ.

೧ ಮೇ, ಶುಕ್ರವಾರ

ಡಬ್ಬಿ ಹುಡುಕುತ್ತಿದ್ದಾಳೆ. ಮಂಚದ ಕೆಳಗೆ, ಹಾರ್ನಿನ ಒಳಗೆ, ಸೀತಾಳ ಬ್ಯಾಗಿನಲ್ಲಿ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದೆ.

ಎಲೆ ಹಾಕಿಕೊಳ್ಳುವಾಗಲೆಲ್ಲ ಬೆರಳಿಗೆ ತಾಕುತ್ತದೆ ದರಿದ್ರದ್ದು.

೩ ಮೇ, ಭಾನುವಾರ

ಬೆಳಿಗ್ಗೆ ಆರಕ್ಕೇ ಛತ್ರ ಸೇರಿ ಗುಂಡಿಗೆ ಎರಡು ಬಿಂದಿಗೆ ಹೊಯ್ದೆ. ಗುಂಯ್ ಇಲ್ಲ. ಸುವರ್ಣಾ ಡಬ್ಬಿಯಿಲ್ಲದೆಯೇ ವೈರು ಕೊಟ್ಟು, ಒಮ್ಮೆ ನನ್ನ ಮುಖ ನೋಡಿ ತನ್ನ ಜಾಗಕ್ಕೆ ಹೋಗಿ ಕೂತಳು. ನಾನು ಹೆಂಗಸರ ಕಡೆಯ ಬಾಕ್ಸಿನ ಹತ್ತಿರವೇ ಕುರ್ಚಿ ಹಾಕಿಸಿಕೊಂಡೆ. ಅಲ್ಲಿಂದ ಅವಳೂ ಕಾಣುತ್ತಿದ್ದಳು, ಜನವೂ ಕಾಣುತ್ತಿದ್ದರು. ಶಹನಾಯಿ ಶುರುವಾಯಿತು. ನನ್ನ ಕಿವಿಗೆ ಕನ್ನಡಿಯ ಹಾಗಿತ್ತು.

ಮುಂದಿನ ಸಾಲಿನಲ್ಲಿ ಒಬ್ಬಳು ಹೆಂಗಸು, ಅವಳ ತೊಡೆಯ ಮೇಲೆ ಒಂದೂವರೆ ವರ್ಷದ ಹೆಣ್ಣು ಕೂಸು. ಬಾಕ್ಸಿಗೆ ಒಂದು ಮಾರು ದೂರ. ಚೆನ್ನಾಗಿಯೇ ಆಡಿಕೊಂಡಿತ್ತು. ಇದ್ದಕ್ಕಿದ್ದ ಹಾಗೆ ಮುಖ ಕಿವುಚಿ ಒಂದು ಕೈಯಿಂದ ಕಿವಿ ಮುಚ್ಚಿಕೊಂಡಿತು. ಆಮೇಲೆ ಬಿಟ್ಟಿತು. ಮತ್ತೆ ಮುಚ್ಚಿಕೊಂಡಿತು. ಸೆಕೆಗೆ ಹಾಗೆ ಮಾಡುತ್ತಿದೆ ಎಂದುಕೊಂಡೆ. ಕಣ್ಣು ಯಾಕೋ ಸುವರ್ಣಾಳ ಕಡೆ ಹೋಯಿತು. ಅವಳು ಮುಂದಿನ ಹಾಡು ಹುಡುಕುತ್ತಾ ಮೌಸು ಸರಿಸುತ್ತಿದ್ದಳು. ಕೈ ನಿಲ್ಲಿಸಿದಳು, ಕೂಸು ಕೈ ಇಳಿಸಿತು. ಅವಳು ಸರಿಸಿದಳು, ಕೂಸು ಕಿವಿ ಮುಚ್ಚಿತು. ನಾಲ್ಕು ಸಲ ನೋಡಿದೆ.

ಆ ಕೂಸಿಗೆ ಪದ್ಮನಾಭ ಏನು ಕೊಟ್ಟಿದ್ದ?

ಅದು ತೊಡೆಯಿಂದ ಜಾರಿ ನನ್ನ ಮುಂದೆಯೇ ನಿಂತು ನೆಲಕ್ಕೆ ಕಾಲು ಬಡಿಯಿತು, ಹಟಕ್ಕೆ. ಕಾಲಿನಲ್ಲಿ ಗೆಜ್ಜೆ. ಗೆಜ್ಜೆಯ ಕಾಳುಗಳು ಕುಣಿಯುವುದು ಒಂದೊಂದೂ ಕಂಡಿತು. ಕಂಡಿತು, ಅಷ್ಟೇ. ಅವಳಮ್ಮ ಆ ಸದ್ದಿಗೇ ತಿರುಗಿ ನೋಡಿ ಕೂಸನ್ನು ಎತ್ತಿಕೊಂಡಳು.

ಎಲ್ಲಾ ಅಂಗಡಿಯವರೂ ಸೀಸವನ್ನೇ ಮಾರುವುದಿಲ್ಲ.

ಅಷ್ಟರಲ್ಲಿ ಮುನಿರಾಮಯ್ಯ ಹಸೆಯ ಹತ್ತಿರದಿಂದ ಕತ್ತು ತಿರುಗಿಸಿ ಬಾಕ್ಸಿನ ಕಡೆ ನೋಡಿದ. ಹುಬ್ಬು ಗಂಟು ಹಾಕಿದ್ದ. ಮುಹೂರ್ತಕ್ಕೆ ಇನ್ನು ಕಾಲುಗಂಟೆ. ಧಾರೆಯ ಹೊತ್ತಿಗೆ ಹಾಡು ನಿಲ್ಲಿಸಿ ಮಂತ್ರದ ಮೈಕು ಬಿಡಬೇಕು, ಮತ್ತೆ ಗಟ್ಟಿಮೇಳಕ್ಕೆ ಹಾಕಬೇಕು, ಅವಳ ಕೈ ಮೌಸಿನ ಮೇಲೆ ಓಡಾಡುತ್ತಲೇ ಇರಬೇಕು. ಸುವರ್ಣಾ ಅವನು ನೋಡಿದ್ದನ್ನು ನೋಡಿದಳು. ತುಟಿ ಕಚ್ಚಿಕೊಂಡು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಎಷ್ಟು ಹೊತ್ತು ಹಾಗೆ ಕೂರಲಾದೀತು? ಹಾಳು ಹುಡುಗಿ, ಆಗಲೂ ನನ್ನ ಕಡೆ ನೋಡಲಿಲ್ಲ.

ಎದ್ದು ಹೋದೆ. ಚೀಲದ ದಾರ ಬಿಚ್ಚಿ ಡಬ್ಬಿ ತೆಗೆದು ಅವಳ ಮುಂದಿಟ್ಟೆ. ಅದಕ್ಕೆ ಸುಣ್ಣ ಮೆತ್ತಿತ್ತು. ಸೆರಗಿನಿಂದ ಒರೆಸಿದೆ.

"ಎಲ್ಲಿತ್ತಜ್ಜಿ ಇದು?"

"ಇರೋ ಕಡೆ ಇತ್ತು. ಮೊದ್ಲು ಆಂಪ್ಲಿಫೈಯರ್ ತಗ್ಗಿಸು, ಆಮೇಲೆ ಹಾಕು. ಇಲ್ದಿದ್ರೆ ಢಂ ಅನ್ನುತ್ತೆ."

ತಗ್ಗಿಸಿದಳು. ಡಬ್ಬಿ ಚುಚ್ಚಿ ವೈರು ಬದಲಾಯಿಸಿ ನಿಧಾನವಾಗಿ ಏರಿಸಿದಳು. ಮೌಸನ್ನು ಬೇಕೆಂದೇ ಆ ಕಡೆ ಈ ಕಡೆ ಸರಿಸಿದಳು. ನನಗೆ ಮೊದಲೂ ಅದೇ ಶಹನಾಯಿ, ಆಮೇಲೂ ಅದೇ ಶಹನಾಯಿ. ಕೂಸಿನ ಕಡೆ ತಿರುಗಿ ನೋಡಿದೆ. ಅದು ಅವಳಮ್ಮನ ಬಳೆ ಎಳೆದು ಆಡುತ್ತಿತ್ತು.

"ಹೋಯ್ತೇನೇ?" ಎಂದು ಕೇಳಿದೆ.

"ಹೋಯ್ತು ಅಜ್ಜಿ."

"ನಿಜವಾಗ್ಲೂ?"

"ಪೂರ್ತಿ ಹೋಯ್ತು."

"ಸರಿ ಹಾಗಾದ್ರೆ."

ಅಲ್ಲೇ ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ವಾಪಸು ಹೋಗಲು ಕಾಲು ನೋವು. ಧಾರೆಯ ಹೊತ್ತಿಗೆ ಪುರೋಹಿತರ ಮಂತ್ರ ಒಂದೊಂದು ಅಕ್ಷರವೂ ಛತ್ರ ತುಂಬಿತು. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ಚೀಲದಲ್ಲಿ ಎರಡು ಕಡ್ಲೆ ಮಿಠಾಯಿ ಇತ್ತು, ಕೊಟ್ಟೆ. ಸುಣ್ಣದ ವಾಸನೆ ಎಂದಳು. ತಿಂದಳು.

೫ ಮೇ, ಮಂಗಳವಾರ

ಮುನಿರಾಮಯ್ಯ ಮನೆಗೇ ಬಂದಿದ್ದ. ಮುಂದಿನ ಉಗಾದಿಯವರೆಗೆ ಛತ್ರದ ಕಾರ್ಯಗಳೆಲ್ಲ ನಮಗೇ ಎಂದ. ಗುಂಡಿಯ ಮೇಲಿನ ಟೈಲ್ಸ್ ತೆಗೆಸಿ ಕಬ್ಬಿಣದ ಮುಚ್ಚಳ ಹಾಕಿಸುತ್ತಾನಂತೆ. ಮುತ್ತುರಾಜ ಬೆನ್ನು ಹಿಡಿದುಕೊಂಡೇ ಎದ್ದು ಕಾಫಿ ಮಾಡಿದ. ಸೆಟ್ ಮಾರುವ ಮಾತು ಆಡಿದ್ದೇ ತಾನಲ್ಲ ಎಂಬ ಹಾಗೆ ಓಡಾಡುತ್ತಿದ್ದಾನೆ.

ಪದ್ಮನಾಭ ಫೋನಿನಲ್ಲಿ ಸಿಕ್ಕ. ನೋಡಿದಿರಾ ಅಜ್ಜಿ, ನಾನು ಹೇಳಲಿಲ್ಲವೇ ಎಂದ. ಅವನಿಗೆ ಸರಿಯಾಗಿ ಕೊಟ್ಟೆ. ಅರ್ತ್ ಇಲ್ಲದ ಕಡೆ ನಿನ್ನ ಡಬ್ಬಿ ನೂರು ಹಾಕಿದರೂ ಗುಂಯ್ ಹೋಗುವುದಿಲ್ಲ, ಮೊದಲು ಗಿರಾಕಿಗೆ ಚಾರ್ಜರ್ ಕಿತ್ತು ನೋಡಲು ಹೇಳು, ಲ್ಯಾಪ್‌ಟಾಪ್ ಜುಮ್ ಎನ್ನುತ್ತದೆಯೇ ಕೇಳು, ಆಮೇಲೆ ನಿನ್ನ ವ್ಯಾಪಾರ ಮಾಡು ಎಂದೆ. ಅದೆಲ್ಲ ಆದ ಮೇಲೂ ಚಿರ್ ಎಂದರೆ ಮಾತ್ರ ಡಬ್ಬಿ ಬೇಕು. ಒಂದೇ ಕೋಣೆಯಲ್ಲಿ ಹತ್ತು ಜನ ಮಲಗಿದರೆ ಒಬ್ಬನ ಕೆಮ್ಮು ಎಲ್ಲರಿಗೂ ಕೇಳುತ್ತದೆ, ಹಾಡುವವನಿಗೆ ಜಗಲಿಯಲ್ಲಿ ಚಾಪೆ ಹಾಕಬೇಕು. ಇಷ್ಟನ್ನು ನೆಟ್ಟಗೆ ಹೇಳಲು ಅವನಿಗೆ ಬಾಯಿರಲಿಲ್ಲವೇ?

ಸುವರ್ಣಾ ಪಕ್ಕದಲ್ಲಿ ನಗುತ್ತಿದ್ದಳು. ಅವಳಿಗೆ ಹೇಳಿಟ್ಟಿದ್ದೇನೆ. ನೀರು ನಾನು ಹೊಯ್ಯುತ್ತೇನೆ, ದಪ್ಪ ಸದ್ದು ನನಗೆ ಬಿಡು. ಸಣ್ಣ ಸದ್ದು ನೀನು ನೋಡಿಕೋ. ಹೂಂ ಎಂದಳು. ಕಿವಿಯ ಡಾಕ್ಟರ ಹತ್ತಿರ ಹೋಗೋಣವೇ ಎಂದೂ ಕೇಳಿದಳು. ಅವರೂ ಒಂದು ಡಬ್ಬಿ ಮಾರುತ್ತಾರೆ, ಹೊರಗಡೆ ಹಾಕಿಕೊಳ್ಳುವುದು, ನನಗೆ ಗೊತ್ತು. ಶ್ರಾವಣ ಕಳೆಯಲಿ, ನೋಡೋಣ ಎಂದೆ.

ಪಾರವ್ವನ ಮೊಮ್ಮಗಳನ್ನು ಕರೆದು ಗೆಜ್ಜೆ ಚೆನ್ನಾಗಿದೆ ಎಂದು ಹೇಳಿದೆ. ಹೇಳುವುದಕ್ಕೇನು ಖರ್ಚು.

ಸಂಜೆ ಮೆಟ್ಟಿಲ ಮೇಲೆ ಕೂತಿದ್ದೆ. ಸುವರ್ಣಾ ಕೆಳಗಿನ ಮೆಟ್ಟಿಲಲ್ಲಿ ವೈರು ಸುತ್ತುತ್ತಿದ್ದಳು. ಪಕ್ಕದ ಸೈಟಿನಲ್ಲಿ ಮಣ್ಣಿನ ಗುಡ್ಡೆ, ಅದರ ಮೇಲೆ ಗಿಡಗಂಟಿ ಬೆಳೆದಿವೆ. ದೀಪ ಹಚ್ಚುವ ಹೊತ್ತು. ಅವಳನ್ನು ಕೇಳಿದೆ.

"ಅಲ್ಲಿ ಜೀರುಂಡೆ ಇವೆಯೇನೇ?"

ಅವಳು ವೈರು ಸುತ್ತುವುದನ್ನು ನಿಲ್ಲಿಸಿದಳು. ಸುಳ್ಳು ಹೇಳಲೋ ನಿಜ ಹೇಳಲೋ ಎಂದು ಯೋಚಿಸಿದ ಹಾಗಿತ್ತು.

"ಇವೆ ಅಜ್ಜಿ. ತುಂಬಾ ಇವೆ."

ಸೈಟಿನವರನ್ನು ಎರಡು ವರ್ಷ ಸುಮ್ಮನೆ ಬೈದೆ. ಇರಲಿ, ಬೈದದ್ದು ದಂಡವಾಗುವುದಿಲ್ಲ. ಆ ಹಳ್ಳ ದಿಣ್ಣೆ ರಸ್ತೆಯ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಯಾವ ಕಡೆಯಿಂದ ಕೂಗುತ್ತಿವೆ ಎಂದು ಕೇಳಿದೆ. ಅವಳು ಕೈ ತೋರಿಸಿದಳು. ಆ ಕಡೆಗೆ ತಿರುಗಿ ಕೂತೆ.